ಎರಡು ಚಿಲಕದ ಮನೆ

ನಮ್ಮ ಗೇಟಿಗೆ ಎರಡು ಚಿಲಕ. ಮೇಲಿನದು ಎಲ್ಲರ ಮನೆಯಲ್ಲೂ ಇರುವಂಥದ್ದು. ಕೆಳಗಿನದನ್ನು ಆಮೇಲೆ ಹಾಕಿಸಿದ್ದು, ಬಗ್ಗಿ ತೆಗೆಯಬೇಕು. ಹಾಲಿನವನಿಗೆ ಗೊತ್ತು, ಪೇಪರ್ ಹುಡುಗನಿಗೆ ಗೊತ್ತು. ಹೊಸಬರು ಮೇಲಿನದು ತೆಗೆದು ನೂಕುತ್ತಾರೆ, ಗೇಟು ಜಗ್ಗುವುದಿಲ್ಲ. ಒಳಗಿಂದ ಯಾರಾದರೂ ಕೂಗಿ ಹೇಳಬೇಕು. "ನಾಯಿ ಕಚ್ಚುತ್ತದಾ?" ಅಂತ ಕೇಳುತ್ತಾರೆ. "ಇಲ್ಲ, ಓಡುತ್ತದೆ" ಅನ್ನುತ್ತೇವೆ. ಓಡಿದರೆ ಏನಾಯಿತು, ನಾಯಿ ಅಲ್ವಾ, ತಿರುಗಿ ಬರುತ್ತದೆ ಅನ್ನುವ ಹಾಗೆ ಮುಖ ಮಾಡುತ್ತಾರೆ.

ನಮ್ಮ ಬೆಲ್ಲ ಮುಧೋಳ ನಾಯಿ. ಅದು ಅನ್ನಬೇಕು, ಆದರೆ ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಹಾಗಾಗಿ ಇಲ್ಲೂ ಅವನು ಅಂತಲೇ ಬರೆಯುತ್ತೇನೆ.

ಅವನನ್ನು ತಂದದ್ದು 2016ರಲ್ಲಿ, ದೀಪಾವಳಿ ಮುಗಿದ ಮೇಲೆ. ಅದೇ ವರ್ಷ ಮುಧೋಳ ಮರಿಗಳು ತರಬೇತಿಗೆ ಮೀರತ್‌ನ ಸೇನಾ ಕೇಂದ್ರಕ್ಕೆ ಹೋಗಿದ್ದವು. ಪೇಪರಿನಲ್ಲೆಲ್ಲ ಅದೇ ಸುದ್ದಿ. ನನ್ನ ಗಂಡನ ತಲೆಗೆ ಹುಳ ಬಿಟ್ಟದ್ದು ಅದೇ. ಧಾರವಾಡದಿಂದ ಸವದತ್ತಿ, ಯರಗಟ್ಟಿ, ಲೋಕಾಪುರ ದಾಟಿ ಮೂರು ತಾಸಿನ ದಾರಿ. ಮುಧೋಳದ ಹತ್ತಿರದ ಒಂದು ಹಳ್ಳಿ, ರೈತರ ಮನೆ. ಸುತ್ತ ಕಬ್ಬು. ಕೊಟ್ಟಿಗೆಯ ಮೂಲೆಯಲ್ಲಿ ತಾಯಿ ಮಲಗಿತ್ತು. ನಮ್ಮನ್ನು ನೋಡಿ ಬೊಗಳಲಿಲ್ಲ, ಬಾಲ ಆಡಿಸಲೂ ಇಲ್ಲ. ಸುಮ್ನೆ ನೋಡಿತು. ಮರಿಗಳಿಗೆ ಜೋಳದ ನುಚ್ಚಿಗೆ ಹಾಲು ಹಾಕಿ ಕಲಸಿ ಇಟ್ಟಿದ್ದರು. ಬೇಟೆ ನಾಯಿ ಅಂದರೆ ಹಸಿ ಮಾಂಸ ತಿನ್ನುತ್ತದೆ ಅಂದುಕೊಂಡಿದ್ದ ನಮಗೆ ಅದೇ ಮೊದಲ ಪಾಠ. "ರೊಟ್ಟಿ, ಹಾಲು, ವಾರಕ್ಕೆರಡು ತತ್ತಿ, ಇಷ್ಟರಾಗ ಬೆಳೀತಾವ" ಅಂದರು ಆ ಮನೆಯವರು. ಬರುವಾಗ ಮಹಾಲಿಂಗಪುರದ ಬೆಲ್ಲದ ಪೆಂಟೆಯೂ ಕಾರಿನಲ್ಲಿತ್ತು. ಮರಿಯ ಬಣ್ಣ, ಬೆಲ್ಲದ ಬಣ್ಣ ಒಂದೇ. ಎಂಟು ವರ್ಷದ ಮಗಳು ದಾರಿಯಲ್ಲೇ ಹೆಸರಿಟ್ಟುಬಿಟ್ಟಳು.

ಮನೆಯಲ್ಲಿ ಮಾವ ಕಾಯುತ್ತಿದ್ದರು. ಅವರು ಲೋಕಾಪುರದ ಕಡೆಯವರು, ಇಂಥ ನಾಯಿಗಳನ್ನು ನೋಡುತ್ತ ಬೆಳೆದವರು. ಸುಗ್ಗಿ ಮುಗಿದು ಹೊಲ ಬಯಲಾದ ಮೇಲೆ ಬೆಳಗಿನ ಜಾವ ಗಂಡಸರು ಎರಡು ನಾಯಿ ಹಗ್ಗದಲ್ಲಿ ಹಿಡಿದು ಮೊಲಕ್ಕೆ ಹೋಗುತ್ತಿದ್ದದ್ದನ್ನು ಆಗಾಗ ಹೇಳುತ್ತಿದ್ದರು. ಮರಿಯನ್ನು ಎತ್ತಿಕೊಂಡರು. ಎದೆಗೂಡು ಒತ್ತಿ ನೋಡಿದರು, ಕಾಲು ಎಳೆದು ನೋಡಿದರು. ಜಾತಿ ಚಲೋ ಅದ ಅಂದರು. ಆಮೇಲೆ ಕೆಳಗಿಟ್ಟು, "ಇದು ಮನ್ಯಾಗ ಇಡೂ ನಾಯಿ ಅಲ್ಲವಾ. ನೀವು ಇದರ ಕೆಲಸ ಕಸಗೊಂಡ್ರಿ" ಅಂದರು.

ಆ ಮಾತು ಒಂಬತ್ತು ವರ್ಷದಿಂದ ನನ್ನ ಜೊತೆಗಿದೆ.

ನಿಜ ಹೇಳಬೇಕೆಂದರೆ ಮನೆಯೊಳಗೆ ಅವನಷ್ಟು ಸೋಮಾರಿಯನ್ನು ನಾನು ಕಂಡಿಲ್ಲ. ಬೇಟೆ ನಾಯಿ ಎಂದರೆ ಮನೆ ತುಂಬ ಹಾರಾಡುತ್ತದೆ, ಚಪ್ಪಲಿ ಕಡಿಯುತ್ತದೆ, ರಾತ್ರಿಯೆಲ್ಲ ಬೊಗಳುತ್ತದೆ ಎಂದು ಹೆದರಿಸಿದ್ದರು. ಇವನು ದಿನದ ಮುಕ್ಕಾಲು ಪಾಲು ಮಲಗುತ್ತಾನೆ. ಅದೂ ನೆಲದ ಮೇಲಲ್ಲ. ಮೈಯಲ್ಲಿ ಕೊಬ್ಬಿಲ್ಲ, ಮೊಣಕೈ ಎಲುಬು ನೆಲಕ್ಕೆ ಚುಚ್ಚುತ್ತದೆ, ಅಲ್ಲಿ ಕೂದಲು ಹೋಗಿ ಚರ್ಮ ಗಟ್ಟಿಯಾಗುತ್ತದೆ. ಹಾಗಾಗಿ ಸೋಫಾ, ಇಲ್ಲವೇ ಅತ್ತೆ ಹೊಲಿದಿಟ್ಟ ಹಳೆಯ ಕೌದಿ. ಧಾರವಾಡದ ಮಳೆಗಾಲದಲ್ಲಿ ಕೌದಿಯ ಒಳಗೇ ಮೂತಿ ತೂರಿಸಿ ಸುತ್ತಿಕೊಂಡುಬಿಡುತ್ತಾನೆ. ಹೊರಗೆ ಜಡಿಮಳೆ ಇದ್ದರೆ ಬಾಗಿಲಲ್ಲಿ ನಿಂತು ಒಂದು ಕಾಲು ಎತ್ತಿ, ನನ್ನ ಮುಖ ನೋಡಿ, ವಾಪಸು ಹೋಗುತ್ತಾನೆ. ಗಂಟೆಗಟ್ಟಲೆ ತಡೆದುಕೊಳ್ಳುತ್ತಾನೆಯೇ ಹೊರತು ಒದ್ದೆಯಾಗುವುದಿಲ್ಲ.

ಕಾವಲಿಗೂ ಅಷ್ಟಕ್ಕಷ್ಟೇ. ಹೊಸಬರು ಬಂದರೆ ಒಂದು ಸಲ ಗುರ್ ಅಂದು ದೂರ ಹೋಗಿ ನಿಲ್ಲುತ್ತಾನೆ. ಬಂದವರು ತಲೆ ಸವರಲು ಕೈ ಚಾಚಿದರೆ ಹಿಂದೆ ಸರಿಯುತ್ತಾನೆ. ಮುಟ್ಟಿಸಿಕೊಳ್ಳುವುದು ಮನೆಯ ನಾಲ್ಕು ಜನರಿಂದ ಮಾತ್ರ. ಮಕ್ಕಳ ಹುಟ್ಟುಹಬ್ಬಕ್ಕೆ ಹತ್ತಾರು ಹುಡುಗರು ಬಂದು ಮುದ್ದಾಡಲಿ ಅಂತ ನಾಯಿ ಸಾಕುವವರು ಈ ಜಾತಿಯ ಸುದ್ದಿಗೆ ಹೋಗಬಾರದು. ಅವನು ಕಚ್ಚುತ್ತಾನೆ ಅಂತಲ್ಲ. ಅವನಿಗೆ ಹಿಂಸೆ.

ಒಂದು ಕೆಟ್ಟ ಬುದ್ಧಿ ಇದೆ. ಊಟದ ಟೇಬಲ್ಲಿನ ಎತ್ತರಕ್ಕೇ ಅವನ ಮೂತಿ ಇರುವುದು. ಕಾಲು ಎತ್ತಬೇಕಾಗಿಲ್ಲ, ಹಾರಬೇಕಾಗಿಲ್ಲ. ನಡೆದು ಹೋಗುತ್ತ ಹೋಗುತ್ತ ಚಪಾತಿ ಒಯ್ಯುತ್ತಾನೆ. ತಟ್ಟೆ ಅಲುಗುವುದೂ ಇಲ್ಲ. ರೊಟ್ಟಿ ಬುಟ್ಟಿಯನ್ನು ನಾವು ಫ್ರಿಜ್ ಮೇಲೆ ಇಡಲು ಶುರು ಮಾಡಿ ವರ್ಷಗಳಾದವು. ನೆಂಟರು ನಗುತ್ತಾರೆ.

ಇನ್ನು ಬೀದಿಯ ಮಾತು. ನಡೆಸಿಕೊಂಡು ಹೊರಟರೆ ವಾರಕ್ಕೊಬ್ಬರಾದರೂ ನಿಲ್ಲಿಸಿ ಕೇಳುತ್ತಾರೆ: "ಊಟ ಹಾಕೂದಿಲ್ಲೇನ್ರಿ?" ಪಕ್ಕೆಲುಬು ಎರಡು ಮೂರು ಕಾಣುವುದು ಈ ನಾಯಿಗೆ ಸರಿಯಾದ ಮೈಕಟ್ಟು. ಆಳವಾದ ಎದೆ, ಒಳಗೆ ಹೋದ ಹೊಟ್ಟೆ, ಬಿಲ್ಲಿನಂಥ ಬೆನ್ನು. ಹೀಗೆಲ್ಲ ಮೊದಮೊದಲು ವಿವರಿಸುತ್ತಿದ್ದೆ. ಒಬ್ಬ ಹೆಂಗಸು ಪೂರ್ತಿ ಕೇಳಿಸಿಕೊಂಡು, ಮರುದಿನ ನಾಲ್ಕು ಇಡ್ಲಿ ಕಟ್ಟಿಕೊಂಡು ಬಂದಿದ್ದರು. ಈಗ ವಿವರಿಸುವುದು ಬಿಟ್ಟಿದ್ದೇನೆ.

ಇಷ್ಟು ಓದಿದವರಿಗೆ ಅನಿಸಬಹುದು, ಹಾಗಾದರೆ ಇವನಲ್ಲಿ ಬೇಟೆ ಎಲ್ಲಿದೆ ಅಂತ. ಅದು ಕಣ್ಣಲ್ಲಿದೆ.

ಉಳಿದ ನಾಯಿಗಳು ಮೂಗಿನಿಂದ ಲೋಕ ನೋಡಿದರೆ ಇವನು ಕಣ್ಣಿನಿಂದ ನೋಡುತ್ತಾನೆ. ತಲೆ ತಿರುಗಿಸದೆಯೇ ತನ್ನ ಸುತ್ತಿನ ಮುಕ್ಕಾಲು ಭಾಗ ಅವನಿಗೆ ಕಾಣುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳ ಕಣ್ಣಿನ ಪರದೆಯಲ್ಲಿ ನರಕೋಶಗಳು ನಡುವೆ ಒಂದು ಬೊಟ್ಟಿನಂತೆ ಗುಂಪಾಗಿರುತ್ತವೆ. ಉದ್ದ ಮೂತಿಯ ನಾಯಿಗಳಲ್ಲಿ ಅವು ಅಡ್ಡ ಪಟ್ಟಿಯಾಗಿ ಹರಡಿರುತ್ತವೆ. ಅಂದರೆ ಬಯಲಿನ ಅಂಚಿನುದ್ದಕ್ಕೂ ಎಲ್ಲಿ ಏನು ಅಲುಗಿದರೂ ಅವನಿಗೆ ಗೊತ್ತಾಗುತ್ತದೆ. ಅಲುಗದಿದ್ದರೆ ಅದು ಇಲ್ಲವೇ ಇಲ್ಲ. ಕಾಲ ಬುಡದಲ್ಲಿ ಬಿದ್ದ ಬಿಸ್ಕತ್ತು ಹುಡುಕಲು ಒದ್ದಾಡುವವನು, ಆಚೆ ತುದಿಯ ತೆಂಗಿನ ಮರದಲ್ಲಿ ಅಳಿಲು ಬಾಲ ಎತ್ತಿದರೆ ಕಲ್ಲಾಗಿ ನಿಲ್ಲುತ್ತಾನೆ. ಕಿವಿ ಹಿಂದಕ್ಕೆ, ಕುತ್ತಿಗೆ ಮುಂದಕ್ಕೆ. ತೊಡೆಯ ಸ್ನಾಯು ಸಣ್ಣಗೆ ನಡುಗುತ್ತಿರುತ್ತದೆ. ಆಗ ಹೆಸರು ಹಿಡಿದು ಕರೆಯಿರಿ, ಬಿಸ್ಕತ್ತಿನ ಪ್ಯಾಕೆಟ್ ಅಲ್ಲಾಡಿಸಿ, ಏನೂ ಪ್ರಯೋಜನವಿಲ್ಲ. ಹಟ ಅಲ್ಲ ಅದು. ಕಿವಿ ಅಲ್ಲಿಲ್ಲ, ಅಷ್ಟೇ.

ಮೊದಲ ಸಲ ಅವನು ಓಡಿದ್ದನ್ನು ನೋಡಿದ್ದು ಒಂದು ವರ್ಷವಾದಾಗ. ಗೆಳತಿಯ ಮಾವಿನ ತೋಟ ಕೆಲಗೇರಿ ದಾಟಿ ಇದೆ, ಸುತ್ತ ಜಾಳಿಗೆ ಬೇಲಿ. ಹಗ್ಗ ಬಿಚ್ಚಿದೆವು. ಎರಡು ಹೆಜ್ಜೆ ನಡೆದ. ಆಮೇಲೆ ನಮಗೆ ಕಂಡದ್ದು ನಾಯಿ ಅಲ್ಲ. ಬೆನ್ನು ಮಡಚಿ ನಾಲ್ಕೂ ಕಾಲು ಹೊಟ್ಟೆಯಡಿ ಕೂಡಿದಾಗ ಒಮ್ಮೆ, ಮೈ ಪೂರ್ತಿ ಚಾಚಿದಾಗ ಇನ್ನೊಮ್ಮೆ, ಒಂದು ನೆಗೆತಕ್ಕೆ ಎರಡು ಸಲ ಅವನು ನೆಲ ಬಿಟ್ಟಿರುತ್ತಾನೆ. ಕುದುರೆಯ ಓಟದಲ್ಲೂ ಇದು ಒಂದೇ ಸಲ. ಮಾವ ಕಟ್ಟೆಯ ಮೇಲೆ ಕೂತಿದ್ದರು. ಎದ್ದು ನಿಂತರು. ಏನೂ ಅನ್ನಲಿಲ್ಲ. ಕಣ್ಣು ಒರೆಸಿಕೊಂಡದ್ದು ಧೂಳಿಗೆ ಅಂತ ನಾನು ಅಂದುಕೊಂಡೆ.

ಈಗ ಬೆಕ್ಕಿನ ವಿಷಯ ಹೇಳಬೇಕು. ಅದನ್ನು ಬಿಟ್ಟು ಬರೆದರೆ ಮೇಲಿನದೆಲ್ಲ ಬರೀ ಹೊಗಳಿಕೆ.

2018ರ ಶ್ರಾವಣ. ಪಕ್ಕದ ಮನೆಯ ಅಜ್ಜಿಗೆ ಒಂದು ಕೆಂಚು ಬೆಕ್ಕಿತ್ತು. ನಮ್ಮ ಹಿತ್ತಲಿಗೂ ಬರುತ್ತಿತ್ತು, ಮಗಳು ಬಟ್ಟಲಲ್ಲಿ ಹಾಲು ಇಡುತ್ತಿದ್ದಳು. ಬೆಲ್ಲ ಮನೆಯೊಳಗಿದ್ದಾಗ ಮಾತ್ರ ಅದು ಬರುವುದು, ಅದಕ್ಕೂ ಗೊತ್ತಿತ್ತು. ಆ ದಿನ ನಾನು ಸಂತೆಯಿಂದ ಬಂದೆ. ಎರಡೂ ಕೈಯಲ್ಲಿ ಚೀಲ. ಗೇಟನ್ನು ಕಾಲಿನಿಂದ ನೂಕಿದೆ. ಚಿಲಕ ಆಮೇಲೆ ಹಾಕಿದರಾಯಿತು ಅಂದುಕೊಂಡೆ. ಮನೆಯ ಬಾಗಿಲು ತೆರೆದೇ ಇತ್ತು, ಅವನು ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿದ್ದ. ಗೇಟಿನಾಚೆ, ರಸ್ತೆಯ ಆ ಬದಿಯಲ್ಲಿ ಬೆಕ್ಕು ದಾಟಿತು.

ನನ್ನ ಮೊಣಕಾಲಿಗೆ ಏನೋ ತಾಗಿದ ಹಾಗಾಯಿತು. ಚೀಲದಿಂದ ಟೊಮೆಟೊ ಉರುಳಿದವು. ಅವನು ಬೊಗಳಲಿಲ್ಲ, ಗುರುಗುಟ್ಟಲಿಲ್ಲ. ನಾನು "ಬೆಲ್ಲಾ" ಅನ್ನುವಷ್ಟರಲ್ಲಿ ಮುಗಿದಿತ್ತು. ಒಂದೇ ಸಲ ತಲೆ ಕೊಡವಿದ. ಅಲ್ಲೇ ಕೆಳಗೆ ಬಿಟ್ಟ. ಮೂಸಿ ನೋಡಿ, ನಡೆದುಕೊಂಡು ವಾಪಸು ಬಂದ. ಟೊಮೆಟೊ ದಾಟಿ, ಮೆಟ್ಟಿಲು ಹತ್ತಿ, ಕೌದಿಯ ಮೇಲೆ ಮೂರು ಸುತ್ತು ಸುತ್ತಿ ಮಲಗಿದ.

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅದನ್ನು ಇವತ್ತಿಗೂ ಮರೆತಿಲ್ಲ. ಬೇಟೆ ನಾಯಿ ಅಂದರೆ ಕೋಪಿಷ್ಠ ಅಂತ ಜನ ತಿಳಿದಿರುತ್ತಾರೆ. ಕೋಪದ ನಾಯಿಯಾದರೆ ಮುನ್ಸೂಚನೆ ಕೊಡುತ್ತದೆ. ಇದರಲ್ಲಿ ಕೋಪವೂ ಇಲ್ಲ, ದ್ವೇಷವೂ ಇಲ್ಲ. ಓಡುವ ವಸ್ತು ಕಂಡಿತು, ಹಿಡಿದ.

ಅಜ್ಜಿಯ ಮನೆಗೆ ನಾನೇ ಹೋಗಿ ಹೇಳಿದೆ. ಬೈಯುತ್ತಾರೆ ಅಂತ ಸಿದ್ಧಳಾಗಿಯೇ ಹೋಗಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದಕ್ಕೇನು ಗೊತ್ತಿರ್ತದವಾ? ಗೊತ್ತಿದ್ದವರು ನೀವು" ಅಂದರು.

ಮಗಳು ಹನ್ನೊಂದು ದಿನ ಅವನನ್ನು ಮುಟ್ಟಲಿಲ್ಲ. ಅವನು ಎಂದಿನಂತೆ ಹೋಗಿ ಅವಳ ತೊಡೆಯ ಮೇಲೆ ಗದ್ದ ಇಡುತ್ತಿದ್ದ. ಅವಳು ಎದ್ದು ಹೋಗುತ್ತಿದ್ದಳು. ಮತ್ತೆ ಹೋಗುತ್ತಿದ್ದ. ಹನ್ನೆರಡನೆಯ ದಿನ ಅವಳು ಏಳಲಿಲ್ಲ, ಆದರೆ ಕೈಯನ್ನೂ ಇಡಲಿಲ್ಲ. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ.

ಕೊಟ್ಟುಬಿಡೋಣ ಅಂದರು ನನ್ನ ಗಂಡ. ಪರಿಚಯದವರ ಹೊಲದ ಮನೆ ಇತ್ತು, ಅವರು ಕೇಳುತ್ತಲೂ ಇದ್ದರು. ಬಯಲಿದೆ, ಅವನಿಗೂ ಸುಖ, ನಮಗೂ ಸುಖ. ಬೇಡ ಅಂದದ್ದು ಯಾರು ಗೊತ್ತಾ? ಮಾವ. ಮನೆಯಲ್ಲಿ ಇಡುವ ನಾಯಿ ಅಲ್ಲ ಎಂದಿದ್ದವರೇ. "ಅಲ್ಲಿ ಬೆಕ್ಕು ಇರೂದಿಲ್ಲೇನು? ಕೋಳಿ ಇರೂದಿಲ್ಲೇನು? ಗೇಟರ ಇರ್ತದೇನು?" ಅಂದರು. ಮರುದಿನ ವೆಲ್ಡಿಂಗ್ ಅಂಗಡಿಯವನನ್ನು ಅವರೇ ಕರೆತಂದರು. ಎರಡನೇ ಚಿಲಕ ಆವತ್ತು ಬಂದದ್ದು.

ಕೆಲವು ತಿಂಗಳ ಮೇಲೆ ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆ. ಆತಕೂರಿನ ಕಲ್ಲು ನೋಡಬೇಕಿತ್ತು. ಮಂಡ್ಯದ ಕಡೆಯ ಊರಿನ ಆ ವೀರಗಲ್ಲು ಸುಮಾರು ಕ್ರಿ.ಶ. 950ರದ್ದು. ಇಸ್ಕೂಲಿನಲ್ಲಿ ನಾವು ಓದಿದ್ದು ಅದರಲ್ಲಿನ ತಕ್ಕೋಲದ ಯುದ್ಧದ ಭಾಗ ಮಾತ್ರ. ಗಂಗರ ಬೂತುಗ, ರಾಷ್ಟ್ರಕೂಟರ ಮೂರನೇ ಕೃಷ್ಣ, ಚೋಳರ ರಾಜಾದಿತ್ಯ. ಅಂಕ ಬರುವುದು ಅದಕ್ಕೇ. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ರಾಜರನ್ನಲ್ಲ. ಒಂದು ನಾಯಿ, ಒಂದು ಹಂದಿ, ಎರಡೂ ಕಾದಾಡುತ್ತಿವೆ.

ಬೂತುಗನ ಕಡೆಯ ಮಣಲೆರ ಎಂಬ ವೀರ. ಯುದ್ಧದಲ್ಲಿ ಅವನ ಪರಾಕ್ರಮ ಮೆಚ್ಚಿ ಒಡೆಯ ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಆಮೇಲೆ ಬೆಳತೂರಿನ ಗುಡ್ಡದ ಬಳಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಒಂದನ್ನೊಂದು ಕೊಂದು ಸತ್ತವು. ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕೊನೆಗೆ ಒಂದು ಕಟ್ಟಳೆ ಇದೆ. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ.

ನಾಯಿ ಮಾಡಿದ ಪಾಪ. ಆ ಮಾತಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಅಷ್ಟು ಪ್ರೀತಿಯ ನಾಯಿಗೆ ಕಲ್ಲು ನಿಲ್ಲಿಸಿದವರೂ ಅದು ಪಾಪ ಮಾಡಿಲ್ಲ ಅನ್ನಲಿಲ್ಲ. ಮಾಡಿದೆ, ಅದರ ಲೆಕ್ಕ ಇದೆ, ಆದರೆ ಅದು ನಾಯಿಯ ತಲೆಯ ಮೇಲಲ್ಲ. ಅದರ ಹೆಸರಿನಲ್ಲಿ ಉಂಡು ಅದನ್ನು ಮರೆತವನ ಮೇಲೆ. ಪಕ್ಕದ ಮನೆಯ ಅಜ್ಜಿ ಹೇಳಿದ್ದೂ ಅದನ್ನೇ ಅಲ್ವಾ?

ಮಾವನ ಮಾತಿಗೆ ಬರುತ್ತೇನೆ. ಕೆಲಸ ಕಸಗೊಂಡ್ರಿ ಅಂದದ್ದು. ಕೆಲವು ವರ್ಷ ಅದನ್ನು ನಾನು ಒಪ್ಪಿಕೊಂಡೇ ಇದ್ದೆ. ನಿದ್ದೆಯಲ್ಲಿ ಅವನ ಕಾಲು ಓಡುತ್ತವೆ, ಬಾಯಲ್ಲಿ ಸಣ್ಣ ಸದ್ದು ಬರುತ್ತದೆ. ಅದನ್ನು ನೋಡಿದಾಗಲೆಲ್ಲ ತಪ್ಪಿತಸ್ಥ ಭಾವ. ಈಗ ಪೂರ್ತಿ ಒಪ್ಪುವುದಿಲ್ಲ. ಅವನ ಕೆಲಸ ಹೋಗಿದ್ದು ಅವನು ಹುಟ್ಟುವ ಮೊದಲೇ, 1972ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೊಲ, ಜಿಂಕೆಯ ಹಿಂದೆ ನಾಯಿ ಬಿಡುವುದು ಅಪರಾಧ. ಬರಲೇಬೇಕಿದ್ದ ಕಾಯ್ದೆ ಅದು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆಮೇಲೆ ಹುಟ್ಟಿದ ಒಂದೊಂದು ಮುಧೋಳ ಮರಿಯೂ ತಾತನ ಕಸುಬಿನ ಸಾಮಾನು ಹೊತ್ತುಕೊಂಡು, ಕಸುಬಿಲ್ಲದ ಊರಿಗೆ ಬಂದ ಹಾಗೆ.

ಈ ತಳಿ ಉಳಿದದ್ದೇ ಬೇರೆಯವರ ಆಸಕ್ತಿಯಿಂದ. ವ್ಯಾಪಾರಿಗಳ ಹಿಂಡಿನ ಜೊತೆ ಪಶ್ಚಿಮದಿಂದ ದಖನ್ನಿಗೆ ಬಂತು ಎನ್ನುತ್ತಾರೆ, ಅದಕ್ಕೇ ಮಹಾರಾಷ್ಟ್ರದ ಕಡೆ ಕಾರವಾನಿ. ಒಂದು ಕೆನಲ್ ಕ್ಲಬ್ ಇದನ್ನು ಕ್ಯಾರವಾನ್ ಹೌಂಡ್ ಅಂತ ಬರೆದುಕೊಂಡರೆ ಇನ್ನೊಂದು ಮುಧೋಳ ಹೌಂಡ್ ಅನ್ನುತ್ತದೆ. ಮುಧೋಳದ ಹೆಸರು ಗಟ್ಟಿಯಾದದ್ದು ಅಲ್ಲಿನ ಘೋರ್ಪಡೆ ಅರಸರಿಂದ. ಮಾಲೋಜಿರಾವ್ ಘೋರ್ಪಡೆ ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟರು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಮರಿಗಳನ್ನೂ ಕೊಡುತ್ತಾರೆ. ಇದೆಲ್ಲ ಹೆಮ್ಮೆಯ ವಿಷಯವೇ. ಆದರೆ ಹೆಮ್ಮೆಯ ಜೊತೆ ಗಿರಾಕಿಗಳೂ ಬಂದರು. ಸುದ್ದಿ ನೋಡಿ ಮರಿ ತಂದು, ಆರು ತಿಂಗಳಿಗೆ ಸರಪಳಿಯಲ್ಲಿ ಕಟ್ಟಿಹಾಕಿದ ಎರಡು ಮೂರು ಮನೆ ನನಗೇ ಗೊತ್ತು. ಸರಪಳಿ ಕಟ್ಟಿದ ಮುಧೋಳ ನಾಯಿಯನ್ನು ನೋಡಲಾಗುವುದಿಲ್ಲ. ಅದಕ್ಕಿಂತ ಸೋಫಾ ವಾಸಿ. ಮಾವನಿಗೂ ಇದನ್ನೇ ಹೇಳಿದೆ. ಅವರು "ಸೋಫಾ ಕೆಲಸ ಅಲ್ಲವಾ" ಅಂದರು.

ಅದಕ್ಕೆ ನಮ್ಮ ಉತ್ತರ ಭಾನುವಾರ. ಕೆಲಗೇರಿ ಆಚೆಯ ಅದೇ ತೋಟ. ಉದ್ದ ದಾರಕ್ಕೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ, ಮಾವಿನ ಸಾಲಿನ ನಡುವೆ ಮಗಳು ಎಳೆದುಕೊಂಡು ಓಡುವುದು. ಆಮೇಲೆ ಸೈಕಲ್ ರಿಮ್ಮಿಗೆ ದಾರ ಸುತ್ತಿ, ಪೆಡಲ್ ತುಳಿದು ಎಳೆಯುವ ಒಂದು ಯಂತ್ರವನ್ನೇ ನನ್ನ ಗಂಡ ಮಾಡಿದರು. ಚೀಲ ಹಾವಿನಂತೆ ತಿರುಗುತ್ತ ಹೋದರೆ ಸಾಕು, ಅವನಿಗೆ ಅದು ಮೊಲವೇ. ಹಿಡಿದ ಮೇಲೆ ಪ್ಲಾಸ್ಟಿಕ್ ಎಂದು ಗೊತ್ತಾಗುತ್ತದೆ. ಬೇಸರವೇನೂ ಇಲ್ಲ, ಮತ್ತೆ ಎಳೆಯಲಿ ಅಂತ ಹೋಗಿ ನಿಲ್ಲುತ್ತಾನೆ. ಮೂರು ಸುತ್ತು. ಅದಕ್ಕಿಂತ ಜಾಸ್ತಿ ಬೇಡ. ವಾರದ ಓಟ ಮೂರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಉಳಿದ ದಿನ ಬೆಳಗು ಸಂಜೆ ಹಗ್ಗದಲ್ಲಿ ನಡಿಗೆ.

ಮುಧೋಳ ಸಾಕಬೇಕೆಂದಿರುವವರು ಕೇಳಿದರೆ ಒಂದೆರಡು ಮಾತು ಮಾತ್ರ ಹೇಳುತ್ತೇನೆ. ಕುತ್ತಿಗೆ ತಲೆಗಿಂತ ದಪ್ಪ ಇರುವುದರಿಂದ ಮಾಮೂಲಿ ಪಟ್ಟಿ ಹಿಂದಕ್ಕೆ ಜಗ್ಗಿದರೆ ಕಳಚಿಕೊಳ್ಳುತ್ತದೆ, ಅಗಲದ ಪಟ್ಟಿ ಬೇಕು. ಚರ್ಮ ತೆಳು. ಬೋಗನ್‌ವಿಲ್ಲಾ ಮುಳ್ಳಿಗೆ ತಾಗಿ ಏಳು ಹೊಲಿಗೆ ಬಿದ್ದಿವೆ. ಆಪರೇಷನ್ ಇದ್ದರೆ ಇದು ಗ್ರೇಹೌಂಡ್ ಥರದ ನಾಯಿ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಥಯೋಪೆಂಟೋನ್‌ನಂಥ ಹಳೆಯ ಅರಿವಳಿಕೆ ಮದ್ದು ಇವುಗಳ ಮೈಯಿಂದ ಬೇಗ ಇಳಿಯುವುದಿಲ್ಲ. ಬೇರೆ ಮದ್ದುಗಳಿವೆ. ಬೆಕ್ಕು ಸಾಕಿದ್ದರೆ ಇನ್ನೊಮ್ಮೆ ಯೋಚನೆ ಮಾಡಿ. ಮರಿಯಿಂದ ಜೊತೆಗೇ ಬೆಳೆದ ಮನೆಯ ಬೆಕ್ಕನ್ನು ಬಿಟ್ಟಾನು. ಅದೇ ಬೆಕ್ಕು ರಸ್ತೆಯಲ್ಲಿ ಓಡಿದರೆ, ಹೇಳಲಾಗುವುದಿಲ್ಲ.

ಮಾವ ತೀರಿಕೊಂಡು ಎರಡು ವರ್ಷವಾಯಿತು. ಕೊನೆಯ ತಿಂಗಳುಗಳಲ್ಲಿ ಪಡಸಾಲೆಯ ಮಂಚದಲ್ಲೇ ಇದ್ದರು. ಬೆಲ್ಲ ಕೌದಿಯಲ್ಲಿ. ಇಬ್ಬರೂ ಗೇಟಿನ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಒಂದು ಮಧ್ಯಾಹ್ನ, "ಕಾಲು ಹೋದ ಮ್ಯಾಲೂ ಕಣ್ಣು ಹೋಗೂದಿಲ್ಲ ನೋಡು" ಅಂದರು. ನಾಯಿಗೆ ಹೇಳಿದರೋ ನನಗೆ ಹೇಳಿದರೋ.

ಬೆಲ್ಲನ ಮೂತಿ ಈಗ ಬೆಳ್ಳಗಾಗಿದೆ. ಭಾನುವಾರ ಒಂದು ಸುತ್ತು ಓಡಿ ನೆರಳಿಗೆ ಬಂದುಬಿಡುತ್ತಾನೆ. ಸೋಫಾ ಹತ್ತುವಾಗ ಮುಂಗಾಲು ಇಟ್ಟು ನಿಲ್ಲುತ್ತಾನೆ, ಹಿಂದಿನದನ್ನು ನಾವು ಎತ್ತಿಡಬೇಕು.

ಪಕ್ಕದ ಅಜ್ಜಿಯ ಮನೆಗೆ ಹೋದ ತಿಂಗಳು ಮೊಮ್ಮಗಳು ಒಂದು ಬೆಕ್ಕಿನ ಮರಿ ತಂದಿದ್ದಾಳೆ. ಬೂದು ಬಣ್ಣ, ಅಂಗೈಯಷ್ಟು. ನಿನ್ನೆ ಸಂಜೆ ಕಾಂಪೌಂಡ್ ಗೋಡೆಯ ಮೇಲೆ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಬೆಲ್ಲ ಮೆಟ್ಟಿಲ ಮೇಲೆ ನಿದ್ದೆ ಮಾಡುತ್ತಿದ್ದ. ಮರಿ ಬಾಲ ಆಡಿಸಿತು. ಅವನ ಕಣ್ಣು ತೆರೆಯಿತು. ತಲೆ ಎತ್ತಲಿಲ್ಲ. ತೊಡೆ ಮಾತ್ರ ಸಣ್ಣಗೆ ನಡುಗಲು ಶುರುವಾಯಿತು.

ಟೀ ಲೋಟ ಕೆಳಗಿಟ್ಟು ಗೇಟಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಎರಡೂ ಹಾಕಿತ್ತು.